ಫ್ರೆಂಚ್ ಜವರ

ಹನ್ನೊಂದು ವರ್ಷ ಅವನ ಬೆನ್ನು ನೋಡಿಕೊಂಡು ನಿಂತಿದ್ದೆ.
ಗೋಲ್‌ಕೀಪರನ ಹಣೆಬರಹವೇ ಅಷ್ಟು:
ಎದುರಾಳಿಯ ಮುಖ, ತನ್ನವರ ಬೆನ್ನು.
ಬೆವರು ಮೊದಲು ಕಾಲರಿನ ಕೆಳಗೆ ಒಂದು ಗೇಣು,
ಅರ್ಧ ಆಟಕ್ಕೆ ಆರನೇ ನಂಬರಿನ ಹೊಟ್ಟೆ ತುಂಬಿಸಿ
ಸೊಂಟಕ್ಕೆ ಇಳಿದಿರುತ್ತಿತ್ತು.

ಅವನು ಬಂದದ್ದು ಪಾಂಡವಪುರದಿಂದ, ಪ್ಯಾಸೆಂಜರ್ ರೈಲಲ್ಲಿ,
ಟವೆಲಿನಲ್ಲಿ ಸುತ್ತಿದ ಬೂಟು, ಮಡಿಸಿದ ಟಿ.ಸಿ.
ಊರಿನ ಹೆಸರು ಬದಲಾಗಿ ಎಷ್ಟೋ ಕಾಲವಾಗಿತ್ತು;
ಹೆಡ್‌ಮಾಸ್ಟರರ ಹಿತ್ತಾಳೆ ಮೊಹರಿಗೆ ಮಾತ್ರ
ಯಾರೂ ತಿಳಿಸಿರಲಿಲ್ಲ.
ನೇರಳೆ ಶಾಯಿಯಲ್ಲಿ ದುಂಡಗೆ: ಫ್ರೆಂಚ್ ರಾಕ್ಸ್.
ವರ್ಕ್‌ಶಾಪಿನ ಗುಮಾಸ್ತ ಶೇಷಗಿರಿರಾಯರು
ಕನ್ನಡಕ ಹಣೆಗೇರಿಸಿ ಕೇಳಿದರು,
'ಏನಯ್ಯಾ, ಫ್ರೆಂಚಿನವನೋ ನೀನು?'
'ಗೊತ್ತಿಲ್ಲ ಸಾ. ನಮ್ಮವ್ವ ಹಿರೋಡೆ ಅಂತಾಳೆ.'

ಅವತ್ತಿನಿಂದ ಫ್ರೆಂಚ್ ಜವರ.
(ನನ್ನ ಹೆಸರು ಲೂರ್ದುಸ್ವಾಮಿ.
ಆ ದೇಶದ ಒಂದು ಊರನ್ನೇ ಹುಟ್ಟಿದಾಗಿನಿಂದ ಹೊತ್ತಿದ್ದೇನೆ.
ನನ್ನನ್ನು ಯಾರೂ ಫ್ರೆಂಚ್ ಅನ್ನಲಿಲ್ಲ. ಇರಲಿ.)
ಟಿಪ್ಪುವಿನ ಕಾಲದಲ್ಲಿ ಬಂಡೆಯ ನೆರಳಿಗೆ ಡೇರೆ ಹೊಡೆದ ಸಿಪಾಯಿಗಳು
ಹೆಸರೊಂದನ್ನು ಅಲ್ಲೇ ಮರೆತು ಹೋದರಂತೆ.
ಇವನು ಅದನ್ನು ಬೂಟಿನ ಮೊಳೆಗೆ ಮೆತ್ತಿದ ಮಣ್ಣಿನ ಹಾಗೆ
ಅಶೋಕಪುರಂವರೆಗೆ ತಂದ.

ಅವರಪ್ಪ ನೀರುಗಂಟಿ, ತೊಣ್ಣೂರು ಕೆರೆಯ ಕೆಳಗೆ.
ಗುದ್ದಲಿ ಹಿಡಿದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು
ತೂಬಿನ ಬಾಯಲ್ಲಿ ನಿಂತು ನೀರು ತಿರುಗಿಸುವವನು.
ಮಗ ಮಾಡಿದ್ದೂ ಅದೇ ಕೆಲಸ.
ಎಡಗಡೆ ಮದೀನುಲ್ಲಾ ಬಾಯಾರಿ ನಿಂತಿದ್ದರೆ
ಎಡಕ್ಕೊಂದು ಕಾಲುವೆ;
ಬಲಗಡೆ ಮಣ್ಣು ಬಿರುಕು ಬಿಟ್ಟಿದ್ದರೆ ಬಲಕ್ಕೆ.
ಕೂಗಾಟವಿಲ್ಲ. ಹಿಮ್ಮಡಿಯ ಒಂದು ತಟ್ಟು.
ಎಲ್ಲರ ಗದ್ದೆ ನೆನೆದ ಮೇಲೆ
ನೀರುಗಂಟಿಯ ಪಾಲು, ಬಂದರೆ ಬಂತು.

ಮದರಾಸಿನ ಕ್ಲಬ್ಬಿನವನೊಬ್ಬ ಬಂದಿದ್ದ ಇವನನ್ನೇ ನೋಡಲು.
ತೊಂಬತ್ತು ನಿಮಿಷ ಚೆಂಡನ್ನು ನೋಡಿದ,
ಮಸಾಲೆ ದೋಸೆ ತಿಂದ,
'ನಡುವಿನ ಹುಡುಗ ಏನೂ ಮಾಡುವುದಿಲ್ಲ' ಎಂದು ಬರೆದುಕೊಂಡು ಹೋದ.

ಹನ್ನೊಂದು ವರ್ಷಕ್ಕೆ ನಾಲ್ಕು ಗೋಲು.
ಅದರಲ್ಲೊಂದು ನನಗೇ.
ಹಿಂದಕ್ಕೆ ಕೊಟ್ಟ ಪಾಸು, ನಾನು ಮುಂದೆ ಬಂದಿದ್ದೆ,
ಚೆಂಡು ನನ್ನ ಪಕ್ಕದಲ್ಲಿ ಹಸುವಿನ ಹಾಗೆ ನಿಧಾನ
ನಡೆದು ಬಲೆಗೆ ಹೋಯಿತು.
ಆಟದ ನಡುವೆ ಅವನ ಮುಖ ಕಂಡದ್ದು ಅದೊಂದೇ ಸಲ.
ನಗುತ್ತಿದ್ದನೋ ಅಳುತ್ತಿದ್ದನೋ,
ಇಷ್ಟು ವರ್ಷವಾಯಿತು, ಕೇಳಿಲ್ಲ.

ಮಂಡಿ ಹೋದದ್ದು ಮಂಡ್ಯದಲ್ಲಿ.
ಪ್ರಾಸಕ್ಕೆ ಹೇಳುತ್ತಿಲ್ಲ,
ಸಕ್ಕರೆ ಕಾರ್ಖಾನೆಯ ಮೈದಾನದಲ್ಲಿ ಒಂದು ಗುಂಡಿ ಇತ್ತು.
ಕೆ.ಆರ್. ಆಸ್ಪತ್ರೆಯಲ್ಲಿ ಇಪ್ಪತ್ತು ದಿನ,
ಆಮೇಲೆ ಸ್ಟೋರ್‌ರೂಮಿನಲ್ಲಿ ನಟ್ಟು ಬೋಲ್ಟು ಎಣಿಸುವ ಕೆಲಸ.
ಆ ವರ್ಷದ ಲೀಗಿಗೆಲ್ಲ ಬಂದು
ನನ್ನ ಗೋಲಿನ ಹಿಂದೆ ಕುಕ್ಕರಿಸಲಾರದೆ ಕಾಲು ಚಾಚಿ ಕೂತ.
ಈಗ ಅವನ ಸರದಿ, ನನ್ನ ಬೆನ್ನು ನೋಡುವುದು.
'ಲೂರ್ದು, ಎಡಕ್ಕೆ ಒಂದೆಜ್ಜೆ.'
ತಿರುಗಿ ನೋಡದೆ ಎಡಕ್ಕೆ ಒಂದು ಹೆಜ್ಜೆ ಇಟ್ಟೆ.
ಚೆಂಡು ತಾನಾಗಿ ಬಂದು ಎದೆಗೆ ಬಿತ್ತು.
ಮರುದಿನ ಪೇಪರಿನಲ್ಲಿ ನನ್ನ ಹೆಸರು.

ಮೊನ್ನೆ ಮೊಮ್ಮಗನ ಮೊಬೈಲಿನಲ್ಲಿ
ನಿಜವಾದ ಫ್ರೆಂಚಿನವನೊಬ್ಬ ಕಡೆಯ ಆಟ ಆಡಿದ.
ಅವನೂ ನಡುವಿನವನೇ.
ಎಂಬತ್ತು ಸಾವಿರ ಜನ ಎದ್ದು ನಿಂತು ಚಪ್ಪಾಳೆ.
ಅವನು ಹುಲ್ಲು ಮುಟ್ಟಿ ಹೊರಟ.
ಜವರ ಕಣ್ಣು ಕಿರಿದು ಮಾಡಿ ನೋಡಿದ:
'ಪಾಪ, ಮಂಡಿ ನೋಡ್ಲಾ ಅವುಂದು.'

ಸಂಜೆ ಅವನನ್ನು ರೈಲು ಹತ್ತಿಸಲು ಹೋದೆ.
ಪ್ಲಾಟ್‌ಫಾರಂ ತುಂಬ ಜನ, ಸೊಪ್ಪಿನ ಮೂಟೆ, ಹೂವಿನ ಬುಟ್ಟಿ.
ಮುಂದೆ ಅವನು, ಎಡಗಾಲು ಎಳೆಯುತ್ತ.
ಹಿಂದೆ ನಾನು, ಅದೇ ದೂರದಲ್ಲಿ.
ಎದುರಿನಿಂದ ಟ್ರಾಲಿ ನುಗ್ಗಿ ಬಂತು.
ತಿರುಗಲಿಲ್ಲ, ಕೈಯೆತ್ತಲಿಲ್ಲ,
ಬಲಕ್ಕೆ ಅರ್ಧ ಹೆಜ್ಜೆ ಸರಿದ.
ಜನದ ನಡುವೆ ಒಬ್ಬನಿಗೆ ಸಾಕಾಗುವಷ್ಟು ಸಂದಿ.
ಹೊಕ್ಕೆ.