ನೀರಿಗೆ ಹತ್ತು ರೂಪಾಯಿ

ಯುಗಾದಿ ಕಳೆದು ಎಂಟು ದಿನಕ್ಕೆ
ನನ್ನ ಅಂಗಡಿಗೆ ಕಡಲು ಬರುತ್ತದೆ
ಹಳೇ ಟವೆಲಿನಲ್ಲಿ ಸುತ್ತಿಕೊಂಡು,
ಶಿವಾಜಿನಗರದ ಅಡ್ಡಗಲ್ಲಿಗೆ,
‘ಹೊಲಿಗೆ ಮಷೀನ್ ರಿಪೇರಿ’ ಎಂಬ ಅಪ್ಪನ ಬೋರ್ಡಿನ ಕೆಳಗೆ.

ಬೋರ್ಡು ನಾನು ಬದಲಿಸಿಲ್ಲ.
ಬಾಬಿನ್ ಬಲ್ಲವಳಿಗೆ ಗಾಳದ ರೀಲು ಎಷ್ಟರದು?
ದಾರ ಸುತ್ತುವುದು, ದಾರ ಬಿಡುವುದು,
ಬಿಡುವಾಗ ಎಷ್ಟು ಬಿಗಿ ಎಂಬುದು.
ವಿದ್ಯೆಯೆಲ್ಲ ಇಷ್ಟೇ.

ಮುರುಡೇಶ್ವರದಿಂದ ರಾತ್ರಿಯೆಲ್ಲ ಕಾರು ಓಡಿಸಿ ಬಂದೆ
ಎನ್ನುತ್ತಾರೆ ಹಲ್ಲಿನ ಡಾಕ್ಟರ್ ಗುಣಶೇಖರ್.
ಮೂಗಿನ ಸಿಪ್ಪೆ ಏಳುತ್ತಿದೆ,
ಕನ್ನಡಕವಿದ್ದ ಜಾಗ ಮಾತ್ರ ಹಳೇ ಬಣ್ಣ.
ಬೆಳಗಿನ ಆರಕ್ಕೇ ನೀರು ಉಗುರುಬೆಚ್ಚಗಿತ್ತಂತೆ,
ಬಂಗುಡೆ ಮರಿಗಳು ಚಿಲ್ಲರೆ ಚೆಲ್ಲಿದ ಹಾಗೆ ಮೇಲೆ ಹಾರಿದವಂತೆ,
ಜಟ್ಟಪ್ಪ ಮೊಗೇರ ಇಂಜಿನ್ ನಿಲ್ಲಿಸಿ
ಬೆರಳು ತೋರಿಸಿದನಂತೆ, ಮಾತಾಡಲಿಲ್ಲವಂತೆ.
ಆಮೇಲೆ ಒಂದು ಅಂಜಲ್.
ಇನ್ನೂರು ಮೀಟರ್ ದಾರ ಒಂದೇ ಉಸಿರಿಗೆ.
ಆಮೇಲೆ ರೀಲು ಕಿರುಗುಟ್ಟಿ, ಕಚ್ಚಿಕೊಂಡು,
ದಾರ ತುಂಡು.

‘ಹೋದ ವರ್ಷ ತೊಳೆದಿಟ್ಟಿರಾ?’
ಊರವರಿಗೆಲ್ಲ ಹಲ್ಲುಜ್ಜಿದಿರಾ ಎಂದು ಕೇಳುವವರು
ತಲೆ ತಗ್ಗಿಸುತ್ತಾರೆ.

ಬಳೆ ತೆಗೆದಿಟ್ಟು ತಿರುಪು ಬಿಚ್ಚುತ್ತೇನೆ.
ಬೇರಿಂಗಿನ ಸಂದಿಯಲ್ಲಿ ಉಪ್ಪು,
ಕರೆಯದ ನೆಂಟನ ಹಾಗೆ ಎಲ್ಲ ಕೋಣೆಗೂ ಹೊಕ್ಕಿದೆ.
ನಾಲಗೆ ತುದಿಗೆ ಒಂಚೂರು.
ಕಡಲನ್ನು ನಾನು ನೋಡಿಲ್ಲ, ರುಚಿ ಗೊತ್ತು.
ಕಾರವಾರದ್ದು ಮಲ್ಪೆಯದು ಒಂದೇ ಎನ್ನುವವರು
ತಿಂದು ನೋಡಿಲ್ಲ.

ಉಪ್ಪಿಗೆ ಮದ್ದು ಸಿಹಿನೀರು.
ಸಿಹಿನೀರಿಗೆ ಈ ಚೈತ್ರದಲ್ಲಿ ಟ್ಯಾಂಕರಿನವನೇ ದೇವರು,
ಎರಡು ದಿನಕ್ಕೊಮ್ಮೆ ಹಾರ್ನ್ ಹೊಡೆದು ಪ್ರತ್ಯಕ್ಷ.
ಒಂದು ರೀಲಿಗೆ ಒಂದು ಚೊಂಬು, ಅಳೆದು,
ಅಡಿಗೆಯ ಪಾಲಿನಿಂದ ತೆಗೆದದ್ದು.
ಬಿಲ್ಲಿನಲ್ಲಿ ‘ನೀರು, ಹತ್ತು ರೂಪಾಯಿ’ ಎಂದು ಬರೆದರೆ
ಡಾಕ್ಟರು ನಗುತ್ತಾರೆ.
ನಾನು ನಗುವುದಿಲ್ಲ.
ತೊಳೆದ ನೀರು ಕರಿಬೇವಿನ ಗಿಡಕ್ಕೂ ಆಗದು,
ಮೋರಿಗೆ ಬಿಡುತ್ತೇನೆ. ಕೋಳಿ ಅಂಗಡಿಯ ಮುಂದೆ
ಪಡುವಣದಿಂದ ಬಂದ ಕಡಲು
ಮೂಡಣಕ್ಕೆ ಹರಿದು ಹೋಗುತ್ತದೆ.

ಹೊಸ ವಾಷರು, ತೆಳ್ಳಗೆ ಗ್ರೀಸು. ಪರೀಕ್ಷೆ ತಾರಸಿಯ ಮೇಲೆ.
ಕೊಕ್ಕೆ ಬಿಚ್ಚಿದ ಮರದ ಮೀನು, ನೀಲಿ ಬೆನ್ನು, ಕೆಂಪು ಕಣ್ಣು,
ನಮ್ಮ ಸಿಂಟೆಕ್ಸಿನಿಂದ ಮೆಹರ್‌ಬಾನು ಬಟ್ಟೆ ಒಣಹಾಕುವ ಹಗ್ಗದವರೆಗೆ
ಎಸೆಯುತ್ತೇನೆ, ಸುತ್ತುತ್ತೇನೆ, ಎಸೆಯುತ್ತೇನೆ.
ಮಟನ್ ಮಾರ್ಕೆಟ್ಟಿನ ಮೇಲೆ ಹದ್ದುಗಳು
ಅವುಗಳ ಪಾಡಿಗೆ ಸುತ್ತುತ್ತಿದ್ದವು.

ಅದರಲ್ಲೊಂದು ಬಂತು. ನೆರಳು ಮೊದಲು.
ಮೀನು ಗಾಳಿಯಲ್ಲಿರುವಾಗಲೇ ಕಾಲಲ್ಲಿ ಹಿಡಿದು
ಎದ್ದಿತು.

ರೀಲು ಕೂಗಿತು.
ಹನ್ನೊಂದು ವರ್ಷ ಪರರಿಗೆಂದು ಸರಿಮಾಡಿದ ಕೂಗು,
ನನ್ನ ಕೈಯೊಳಗೆ ಮೊದಲ ಸಲ.
ಕೇಬಲ್ ತಂತಿಗಳ ಮೇಲಿಂದ, ಚರ್ಚಿನ ಗೋಪುರದ ಎತ್ತರಕ್ಕೆ
ದಾರ ಹೋಯಿತು, ಹೋಗುತ್ತಲೇ ಇತ್ತು,
ಕೋಲು ಬಾಗಿ ಮೊಣಕೈ ಗೋಡೆಗೆ ಬಡಿಯಿತು.
ಕೆಳಗೆ ಬೀದಿ ಮಧ್ಯೆ ಆಟೋಗಳನ್ನು ತಡೆದು ನಿಂತು
‘ಬಿಗಿ ಮಾಡಬೇಡಿ, ಬಿಡಿ, ಬಿಡಿ!’ ಡಾಕ್ಟರು.

ಬಿಟ್ಟೆ. ಎಷ್ಟು ಬಿಗಿ ಎಂದು ನನಗೆ ಗೊತ್ತಿತ್ತು.
ಗೊತ್ತಿರಲಿಲ್ಲ, ಆ ತುದಿಗೆ ಜೀವವೊಂದಿದ್ದರೆ
ಹೆಬ್ಬೆರಳಿಗೆ ಹೀಗೆ ಬಡಿದುಕೊಳ್ಳುತ್ತದೆಂದು.

ಮರವೆಂದು ತಿಳಿದೋ, ಬೇಜಾರಾಗಿಯೋ
ಹದ್ದು ಕಾಲು ಸಡಿಲಿಸಿತು.
ದಾರ ನಿಧಾನ ಇಳಿದು
ಹೂಬಿಟ್ಟ ಹೊಂಗೆಯ ಮೇಲೆ, ಯಾರದೋ ಲುಂಗಿಯ ಮೇಲೆ ಬಿತ್ತು.
ಬಿಡಿಸಿ ಸುತ್ತುವಷ್ಟರಲ್ಲಿ ದೀಪ ಹತ್ತಿದ್ದವು.
ಮರದ ಮೀನಿನ ಬೆನ್ನ ಮೇಲೆ ನಾಲ್ಕು ಗೀರು.

‘ಮುಂದಿನ ಹುಣ್ಣಿಮೆಗೆ ಬನ್ನಿ, ಬೋಟಿನಲ್ಲಿ ಜಾಗ ಇದೆ.’
ಟ್ಯಾಂಕರು ಯಾವತ್ತು ಬರುತ್ತೋ ನೋಡಿ ಹೇಳ್ತೀನಿ ಎಂದೆ,
ಗೀರಿನ ಮೇಲೆ ಬೆರಳಾಡಿಸುತ್ತ ಬಿಲ್ಲು ಬರೆದೆ.
ವಾಷರು, ಗ್ರೀಸು, ಬೇರಿಂಗು ಎರಡು.
ನೀರು, ಹತ್ತು ರೂಪಾಯಿ.
ಹದ್ದಿಗೆ ಏನೂ ಹಾಕಲಿಲ್ಲ.