ಖೋಪಕರರ ಕೋಣೆ

ಫೈಲು ಇಲ್ಲ ಎಂದಿತು ಪರದೆ.
ಇಲ್ಲ ಅಂದರೆ ಇಲ್ಲ. ಕ್ಷಮೆ ಗಿಮೆ ಏನೂ ಇಲ್ಲ.
ಪರೇಲಿನ ಧರ್ಮಾಸ್ಪತ್ರೆ, ರಾತ್ರಿ ಒಂಬತ್ತೂವರೆ,
ಹೊಸ ಸರ್ವರು ಬಂದು ಮೂರನೆಯ ದಿನ.
ಬೆಂಚಿನ ಮೇಲೆ ಕೆಮ್ಮುತ್ತ ಕೂತವನ ಎದೆಯ ಚಿತ್ರ
ಕಳೆದ ಮಳೆಗಾಲದ್ದು,
ಮೊನ್ನೆಯವರೆಗೆ ಇತ್ತು.

ನನ್ನ ಲ್ಯಾಪ್‌ಟಾಪಿನಲ್ಲಾದರೆ ಸಿಗುತ್ತದೆ,
ಮನೆಯಲ್ಲಿ ದಿನವಿಡೀ ಹಾಡುವ ಹುಡುಗಿ
ನೆಂಟರೆದುರು ಮಾತ್ರ ಮೂಕಿಯಾದ ಹಾಗೆ.

ಕೋಡಿನೊಳಕ್ಕೆ ಇಳಿದೆ.
ಒಂದು ಕಡೆ ಎರಡು ಚುಕ್ಕೆ, ಓರೆಗೆರೆ,
ಮತ್ತೆ ಎರಡು ಚುಕ್ಕೆ, ಓರೆಗೆರೆ, ಆಮೇಲೆ ಚಿತ್ರಗಳು.
ಅಂದರೆ ನಿಂತಲ್ಲಿಂದ ಒಂದು ಮಹಡಿ ಹತ್ತು,
ಇನ್ನೊಂದು ಹತ್ತು, ಅಲ್ಲೇ ಕೋಣೆ.
ಸರಿಯೇ. ಆದರೆ ನಿಂತದ್ದು ಎಲ್ಲಿ?
ಪ್ರೋಗ್ರಾಮಿಗೆ ತನ್ನ ಮನೆ ಗೊತ್ತಿಲ್ಲ.
ಯಾರು ಎಲ್ಲಿಂದ ಕೂಗಿ ಎಬ್ಬಿಸಿದರೋ
ಅದೇ ತನ್ನ ಊರು ಅಂದುಕೊಂಡು ಏಳುತ್ತದೆ,
ಭುಜ ತಟ್ಟಿದ ಸ್ಟೇಷನ್ನಿನಲ್ಲಿ,
ಠಾಣೆಯೋ ದಾದರೋ ನೋಡದೆ
ಚೀಲ ಹಿಡಿದು ಇಳಿದುಬಿಡುವವನ ಹಾಗೆ.

ಉಳಿದ ಕಡೆಯೆಲ್ಲ ಇಡೀ ವಿಳಾಸ,
ಬೇರಿನಿಂದ ಹಿಡಿದು, ನಲವತ್ತೊಂದು ಸಲ.
ಹೋಮ್, ಅದರೊಳಗೆ ಜೆ ಖೋಪಕರ್,
ಅದರೊಳಗೆ ಕೆಲಸ, ಅದರೊಳಗೆ ಎದೆ.
ನನ್ನ ಲ್ಯಾಪ್‌ಟಾಪಿನಲ್ಲೂ ಅದೇ ಹೆಸರಿದೆ, ಈಗ ಕಂಡೆ.
ಕೆಲಸಕ್ಕೆ ಸೇರಿದ ದಿನ ಯಾರೋ ಇಡಿಯಾಗಿ ಸುರಿದು ಕೊಟ್ಟಿದ್ದರು.
ಎರಡು ವರ್ಷದಿಂದ ನಾನು
ಇವರ ಮನೆಯಲ್ಲೇ ಬಾಡಿಗೆ ಕೊಡದೆ ಇದ್ದೇನೆ.

ರೆಕಾರ್ಡು ರೂಮಿನ ಇಂದುಮತಿಬಾಯಿಗೆ ಗೊತ್ತಿತ್ತು.
ಜಯವಂತ. ತೆಳ್ಳಗಿದ್ದ. ಚಹಾಕ್ಕೆ ಸಕ್ಕರೆ ಬೇಡ ಅನ್ನುತ್ತಿದ್ದ,
ಬಿಸ್ಕೀಟು ಮಾತ್ರ ನಾಲ್ಕು ತಿನ್ನುತ್ತಿದ್ದ.
ಎಲ್ಲಿ ಹೋದನೋ, ಆರು ವರ್ಷವಾಯಿತು.
ನಿನಗೆ ಹಳೆಯ ಫಿಲ್ಮು ಬೇಕೇನು? ತಂದುಕೊಡಲೇ?
ಫಿಲ್ಟರಿನ ಎಡಕ್ಕೆ, ಮೂರನೇ ಕಪಾಟು.
ಫಿಲ್ಟರು ಎಲ್ಲಿದೆ?
ಈಗಿಲ್ಲ. ಮೊದಲಿದ್ದ ಜಾಗ.

ಈ ಊರಿನವರು ವಿಳಾಸ ಹೇಳುವುದೇ ಹಾಗೆ.
ಗಿರಣಿಯ ಗೇಟಿನ ಎದುರು. ಗಿರಣಿ ಇಲ್ಲ.
ಇರಾಣಿ ಹೋಟೆಲಿನ ಹಿಂದೆ. ಅಲ್ಲೀಗ ಮೊಬೈಲಂಗಡಿ.
ಹುಣಸೆಮರದ ಹತ್ತಿರ. ಮರ ಕಂಡವರೇ ಇಲ್ಲ.
ಆದರೂ ಅಂಚೆಯವ ಬರುತ್ತಾನೆ, ಗ್ಯಾಸಿನವ ಬರುತ್ತಾನೆ,
ಸಾಲ ಕೊಟ್ಟವನಂತೂ ತಪ್ಪದೆ ಬರುತ್ತಾನೆ.

ಟ್ಯೂಬ್‌ಲೈಟೂ ಹಾಕದೆ ಒಳಹೋಗಿ
ಮೂರು ನಿಮಿಷಕ್ಕೆ ಹಳದಿ ಲಕೋಟೆ ತಂದರು.
ಅದು ಎಂಟು ವರ್ಷ ಹಿಂದಿನ ಎದೆ.
ಪಕ್ಕಕ್ಕಿಟ್ಟು ನೋಡಲು ಇನ್ನೊಂದು ಬೇಕಲ್ಲ.

ಸರಿಯಾದ ದಾರಿ ನನಗೆ ಗೊತ್ತು.
ಎಬ್ಬಿಸಿದವನನ್ನು ಕೇಳಬಾರದು, ಫೈಲನ್ನೇ ಕೇಳಬೇಕು,
ನೀನು ಮಲಗಿರುವ ಫೋಲ್ಡರು ಯಾವುದಪ್ಪ ಅಂತ;
ಅಲ್ಲಿ ಕಾಲೂರಿ, ಅಲ್ಲಿಂದ ಮಹಡಿ ಎಣಿಸಬೇಕು.
ಬೇರಿನ ಹೆಸರು ಒಂದೇ ಕಡೆ ಬರೆದಿಡಬೇಕು,
ಮನೆ ಬದಲಾದರೆ ತಿದ್ದಲು ಒಂದೇ ಸಾಲು.
ಆದರೆ ನಲವತ್ತೊಂದು. ಬೆಂಚಿನ ಮೇಲೆ ಅವನು.
ಅವನ ಹೆಂಡತಿ ಎರಡು ಸಲ ಕೇಳಿದಳು,
ಹತ್ತು ನಲವತ್ತರ ಕರ್ಜತ್ ಸಿಗುತ್ತದಾ?

ಹಾಗಾಗಿ ಕಳ್ಳದಾರಿ ಹಿಡಿದೆ.
ಖೋಪಕರ್ ಎಂದೂ ಕಾಲಿಡದ ಯಂತ್ರದಲ್ಲಿ
ಅವರ ಹೆಸರಿಗೆ ಒಂದು ಕೋಣೆ ಕಟ್ಟಿದೆ.
ಒಂದೇ ಆಜ್ಞೆ. ಪಾಯವಿಲ್ಲ, ಪಗಡಿಯಿಲ್ಲ,
ಸೊಸೈಟಿ ಸೆಕ್ರೆಟರಿಯ ಸಹಿಯಿಲ್ಲ.
ಮುಂಬಯಿಯಲ್ಲಿ ಇಷ್ಟು ಸಲೀಸಾಗಿ
ಯಾರಿಗೂ ಕೋಣೆ ಸಿಕ್ಕಿದ್ದು ನಾನು ಕೇಳಿಲ್ಲ.
ಚಿತ್ರಗಳನ್ನು ಅದರೊಳಗೆ ತುಂಬಿದೆ.

ಪಕ್ಕೆಲುಬು ಒಂದೊಂದಾಗಿ ಮೂಡಿದವು.
ಎಡಗಡೆ ಸಣ್ಣ ಮಬ್ಬು.
ಡಾಕ್ಟರು ಹಳದಿ ಲಕೋಟೆಯದನ್ನು ಬೆಳಕಿಗೆ ಹಿಡಿದು
ಅದನ್ನೊಮ್ಮೆ ಇದನ್ನೊಮ್ಮೆ
ಬಹಳ ಹೊತ್ತು ನೋಡಿದರು.
ಕರ್ಜತ್ ಹೋಯಿತು.

ಮುಂದಿನ ವಾರ ನಲವತ್ತೊಂದೂ ತಿದ್ದಿದೆ.
ಈಗ ಯಾವ ಸಾಲೂ ಖೋಪಕರರನ್ನು ಹುಡುಕುವುದಿಲ್ಲ.
ಕೋಣೆ ಖಾಲಿ. ಅಳಿಸಬೇಕು.
ಅಳಿಸುವ ಆಜ್ಞೆ ಬರೆದೆ, ಒತ್ತಲಿಲ್ಲ,
ಚಹಾ ಬಂತು ಅಂತ ಎದ್ದೆ.
ಸಕ್ಕರೆ? ಎಂದರು ಇಂದುಮತಿಬಾಯಿ.
ಬೇಡ ಅಂದೆ. ಬಿಸ್ಕೀಟಿನ ಡಬ್ಬಿ?
ಫಿಲ್ಟರಿನ ಬಲಕ್ಕೆ.
ಹೋಗಿ ತಂದೆ.