ತಲೆಕೆಳಗಾಗಿ ಓದಿದವನು

ಥ್ರಾಪ್ ಸಾಹೇಬರ ಕಥೆಗಳನ್ನು
ಇಡೀ ಲಂಡನ್ನಿಗಿಂತ ಮೊದಲು ಓದಿದವನು ನಾನು,
ಅದೂ ತಲೆಕೆಳಗಾಗಿ,
ಒಂದೊಂದೇ ಸೀಸದ ಮೊಳೆಯಾಗಿ.

ಆಗ ಅವರು ಸಾಹೇಬರೇನೂ ಅಲ್ಲ.
ಹಡಗು ವಿಮೆಯ ಕಚೇರಿಯಲ್ಲಿ
ಮುಳುಗಿದ ಸಾಮಾನಿನ ಪಟ್ಟಿ ಬರೆಯುವ ಹುಡುಗ.
ತೋಳಿನ ಅಂಚು ಸವೆದ ಕೋಟು, ಮೂಗಿನ ಮೇಲೆ ಮಸಿ.
ಕಥೆಗೆ ಬೇರೆ ಕಾಗದವಿಲ್ಲ. ಹಾಳೆಯ ಒಂದು ಮಗ್ಗುಲಿಗೆ
'ಚಹಾ, ನಲವತ್ತು ಪೆಟ್ಟಿಗೆ, ನೀರುಪಾಲು.'
ಮಗುಚಿದರೆ
ಪಾದ್ರಿಯನ್ನು ಅಟ್ಟಿಸಿಕೊಂಡು ಹೊರಟ ಹೆಬ್ಬಾತು.

ಫ್ಲೀಟ್ ಬೀದಿಯ ಹಿಂದಿನ ಓಣಿ, ನೆಲಮಾಳಿಗೆ.
ಸೀಸ ಹೊಟ್ಟೆಗಿಳಿಯದಿರಲೆಂದು
ಎಳೆಗೂಸುಗಳ ಹಾಗೆ ಹಾಲು ಕುಡಿಯುತ್ತಿದ್ದ ಐವರು ಗಂಡಸರು,
ಹಗಲಿಗೂ ಉರಿಯುವ ಗ್ಯಾಸು ದೀಪ.
ಒಂದು ಮೊಳೆಯಿಂದ ಇನ್ನೊಂದಕ್ಕೆ ಕೈ ಹೋಗುವಷ್ಟರಲ್ಲಿ
ನಗೆ ತಡವಾಗುತ್ತದೆ, ಅದು ನಮ್ಮ ಕಸುಬಿನ ಶಾಪ.
ಪಾದ್ರಿ ಬೇಲಿ ಹತ್ತಿದ್ದು ಹತ್ತೂಕಾಲಿಗೆ,
ಚಲ್ಲಣ ಕೊಕ್ಕಿಗೆ ಸಿಕ್ಕಿದ್ದು ಹತ್ತೂ ಇಪ್ಪತ್ತಕ್ಕೆ,
ಬಿಷಪ್ಪರ ಸಾರೋಟು ತಿರುವಿನಲ್ಲಿ ಕಾಣಿಸಿತೋ ಇಲ್ಲವೋ
ಊಟದ ಗಂಟೆ ಹೊಡೆಯಿತು.
ಬ್ರೆಡ್ಡು ಜಗಿಯುತ್ತ ಬಾಜಿ ಕಟ್ಟಿದೆವು,
ಬಿಷಪ್ಪರು ಇಳಿದಾರೋ, ಇಳಿಯದೆ ಹೋದಾರೋ.
ಗಿಡಿಯನ್ ಹಾಗ್ಬೆನ್ ಎರಡು ಪೆನ್ನಿ ಸೋತ.
ಗೆದ್ದವನು ನಾನು:
ಮುಂದಿನ ಹಾಳೆ ನನ್ನ ಜೇಬಿನಲ್ಲಿತ್ತು.

ಇನ್ನೊಂದು ಕಥೆ. ಅದರಲ್ಲಿ ಅವರು ಬರೆದದ್ದು ಹೀಗೆ:
'ಹೆಬ್ಬಾತಿಗೆಲ್ಲ ನಾನು ಹೆದರುವವನಲ್ಲ, ಎಂದರು ಕರ್ನಲ್,
ಮೇಜಿನ ಮೇಲಿಂದ.'
ಯಾಕೋ ಕೈ ತಡೆಯಲಿಲ್ಲ.
ಕರ್ನಲ್ಲರ ಪಕ್ಕದ ಅಲ್ಪವಿರಾಮದ
ಬಾಲ ಚಿವುಟಿ ಚುಕ್ಕಿ ಮಾಡಿದೆ.
ಓದುವವನು ಅಲ್ಲಿ ಒಂದು ಉಸಿರು ನಿಲ್ಲಲಿ,
ಆಮೇಲೆ ಕತ್ತೆತ್ತಿ ಮೇಜು ನೋಡಲಿ.

ಗುರುವಾರ ಪತ್ರಿಕೆ ಹೊರಬಿತ್ತು.
ಶುಕ್ರವಾರ ಅವರು ಮೆಟ್ಟಿಲಿಳಿದು ಬಂದರು.
'ಆ ಚುಕ್ಕಿ ಯಾರದ್ದು?'
ಬೈಗುಳಕ್ಕೆ ಬೆನ್ನು ಸಜ್ಜು ಮಾಡಿಕೊಂಡು
ಸ್ಕೂಲಿನ ಹುಡುಗನಂತೆ ಬೆರಳೆತ್ತಿದೆ.
ಅವರು ಟೋಪಿ ತೆಗೆದರು, ಅಷ್ಟೆ.
ಅದರೊಳಗಿಟ್ಟಿದ್ದ ಅರ್ಧ ಬನ್ನು
ಹಣೆಗೆ ತಾಗಿ, ನನ್ನ ಕಾಲ ಬಳಿ ಬಿತ್ತು.
ಇಬ್ಬರೂ ಅದನ್ನು ನೋಡಲಿಲ್ಲ.

ಅಚ್ಚಾದ ಮೇಲೆ ಮೊಳೆ ಬಿಚ್ಚಿ ಗೂಡಿಗೆ ಹಾಕಬೇಕು.
ಹೆಬ್ಬಾತು ಅಕ್ಷರಕ್ಷರವಾಗಿ ಉದುರುತ್ತದೆ;
ಮಾರನೆಯ ದಿನ ಅದೇ ಸೀಸದಲ್ಲಿ
ಬೋಳುತಲೆಗೆ ಎಣ್ಣೆ, ಕಳೆದುಹೋದ ಕೊಡೆ, ಯಾರದೋ ಸಾವು.
ನನ್ನ ಅಡಾ ಹೋದಾಗ
ಆ ನಾಲ್ಕು ಸಾಲನ್ನು ಬೇರೆಯವರಿಗೆ ಕೊಡಲಿಲ್ಲ, ನಾನೇ ಜೋಡಿಸಿದೆ.
ಕೊನೆಯ ಚುಕ್ಕಿಗೆ ಗೂಡಿಗೆ ಕೈ ಹಾಕಿದರೆ, ನಾಚಿಕೆಗೇಡು,
ಕರ್ನಲ್ಲರ ಮೇಜು ನೆನಪಾಯಿತು.
ಆ ಸಾಲಿಗೆ ನಗುನಗುತ್ತ
ಅವಳು ಆಲೂಗಡ್ಡೆ ಸೀಯಿಸಿದ್ದಳು.
ಅದೇ ಚುಕ್ಕಿಯೋ ಏನೋ. ಚುಕ್ಕಿಗಳಿಗೆ ಮುಖವಿಲ್ಲ.

ಈಗ ಥ್ರಾಪ್ ಸಾಹೇಬರದು ಚಿನ್ನದ ಅಂಚಿನ ಸಂಪುಟಗಳು.
ಮೊದಮೊದಲ ಕಥೆಗಳು ಎಳಸು ಅನ್ನುತ್ತಾರೆ ಬಲ್ಲವರು.
ಇರಬಹುದು. ಸೌತೆಕಾಯಿಯೂ ಎಳಸಿದ್ದಾಗಲೇ ರುಚಿ,
ಬಲಿತರೆ ಬರೀ ಬೀಜ.
ನನಗೆ ಓದಿದವರ ಜೊತೆ ಜಗಳ ಬೇಡ.

ಮೊನ್ನೆ ಟ್ರಾಮಿನಲ್ಲಿ ಎದುರಿಗೊಬ್ಬ ತರುಣ,
ತೊಡೆಯ ಮೇಲೆ ಆ ಹಳೇ ಕಥೆಗಳ ಹೊಸ ಮುದ್ರಣ.
ನನ್ನ ಕಡೆಯಿಂದ ಪುಟವೆಲ್ಲ ತಲೆಕೆಳಗು, ಅಂದರೆ
ನನಗೆ ಸಲೀಸು.
ಇಳಿಗಣ್ಣಲ್ಲಿ ಸಾಲು ಹಿಡಿದು ಹೋದೆ:
ಕರ್ನಲ್. ಮೇಜಿನ ಮೇಲಿಂದ.
ಬಾಲ ಮತ್ತೆ ಬೆಳೆದಿರಲಿಲ್ಲ.

ಅವನಿನ್ನೂ ಎರಡು ಸಾಲು ಹಿಂದಿದ್ದ.
ನಾನು ಮೊದಲೇ ನಕ್ಕುಬಿಟ್ಟೆ.
ಅವನು ಪುಸ್ತಕ ಮುಚ್ಚಿ, ಗುಂಡಿಗಳನ್ನು ಮುಟ್ಟಿ ನೋಡಿಕೊಂಡು,
ಬೇರೆ ಸೀಟಿಗೆ ಹೋಗಿ ಕೂತ.